ಹಾಡು ಬರೆಯಲು ಕಲಿಯುವುದು: ಮಾಸ್ಟ್ರ ಎದುರು ಕೂತು ಮಾಡುವ ಕೆಲಸ

ನಮ್ಮ ಮಂಗಳೂರು, ಉಡುಪಿ ಕಡೆ ಹಾಡು ಬರೆಯುವವರಿಗೆ ಕೊರತೆ ಇಲ್ಲ. ಭಜನಾ ಮಂಡಳಿಗೆ ಹೊಸ ಪದ ಬೇಕು, ಶಾಲಾ ವಾರ್ಷಿಕೋತ್ಸವಕ್ಕೆ ಸ್ವಾಗತ ಗೀತೆ ಬೇಕು, ತುಳು ನಾಟಕಕ್ಕೆ ಟೈಟಲ್ ಹಾಡು ಬೇಕು. ಕೇಳಿದರೆ ಒಂದೇ ರಾತ್ರಿಯಲ್ಲಿ ಬರೆದುಕೊಡುವವರಿದ್ದಾರೆ. ತೊಂದರೆ ಶುರುವಾಗುವುದು ಕಾಗದ ಹಾಡುವವರ ಕೈಗೆ ಹೋದ ಮೇಲೆ. "ಓದ್ಲಿಕ್ಕೆ ಲಾಯ್ಕ್ ಉಂಟು ಮಾರಾಯ್ರೇ, ಆದ್ರೆ ಹಾಡ್ಲಿಕ್ಕೆ ಕೂರುದಿಲ್ಲ" ಅಂತ ಕಾಗದ ವಾಪಸ್ ಬರುತ್ತದೆ.

ಗುರು ಬೇಕಾಗುವುದು ಇಲ್ಲಿಗೆ. ಭಾವನೆಯನ್ನು ಯಾರೂ ಕಲಿಸಲಾರರು, ಕಲಿಸುತ್ತೇನೆ ಅಂದವರನ್ನು ನಂಬಲೂ ಬೇಡಿ. ಆದರೆ ನಿಮ್ಮ ಸಾಲು ಎಲ್ಲಿ ಕುಂಟುತ್ತದೆ ಅಂತ ನಿಮ್ಮ ಕಿವಿಗೆ ತೋರಿಸಿಕೊಡಬಹುದು. ಅದು ಪುಸ್ತಕ ಓದಿ ಬರುವ ವಿದ್ಯೆಯಲ್ಲ. ಎದುರಿಗೊಬ್ಬರು ತಾಳ ಹಾಕಬೇಕು, ನೀವು ಬಾಯಿಬಿಟ್ಟು ಹೇಳಬೇಕು.

ಮೊದಲು: ಯಾವ ಹಾಡು, ಯಾವ ಭಾಷೆ

"ಹಾಡು ಬರೀಲಿಕ್ಕೆ ಕಲೀಬೇಕು" ಅಂತಷ್ಟೇ ಹೇಳಿದರೆ ಗುರುವಿಗೆ ಏನೂ ಗೊತ್ತಾಗುವುದಿಲ್ಲ. ಯಕ್ಷಗಾನದ ಪದ್ಯ ಬೇರೆ, ಭಾವಗೀತೆ ಬೇರೆ, ಭಜನೆ ಬೇರೆ, ಸಿನಿಮಾ ಹಾಡು ಬೇರೆ. ಯಕ್ಷಗಾನದ ಪದ್ಯ ಕಥೆಯನ್ನು ಮುಂದಕ್ಕೆ ತಳ್ಳಬೇಕು, ಪಾತ್ರಧಾರಿಗೆ ಅರ್ಥ ಹೇಳಲು ಎಡೆ ಕೊಡಬೇಕು. ಭಜನೆಯಲ್ಲಿ ಪಲ್ಲವಿಯನ್ನು ಹತ್ತು ಜನ ಒಟ್ಟಿಗೆ ಹಾಡುತ್ತಾರೆ, ಹಾಗಾಗಿ ಅದು ಒಮ್ಮೆ ಕೇಳಿದ ಕೂಡಲೇ ಬಾಯಿಗೆ ಬರಬೇಕು. ಒಂದನ್ನು ಆರಿಸಿಕೊಳ್ಳಿ.

ಭಾಷೆಯೂ ಹಾಗೆಯೇ. ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ ಕುಂದಾಪ್ರ ಕನ್ನಡವೋ ಇರುತ್ತದೆ, ಹಾಡಿಗೆ ಕೂತರೆ ಮಾತ್ರ ಎಲ್ಲರೂ ಶಾಲೆಯ ಕನ್ನಡಕ್ಕೆ ಹೋಗುತ್ತಾರೆ. ನಿಮಗೆ ಸಿಟ್ಟು ಬಂದಾಗ ಯಾವ ಭಾಷೆ ಬರುತ್ತದೋ ಅದರಲ್ಲೂ ಒಂದು ಬರೆದು ನೋಡಿ. ತುಳುವಿನಲ್ಲಿ ಬರೆಯುವುದಾದರೆ ತುಳು ಚೆನ್ನಾಗಿ ಆಡುವ ಗುರುವೇ ಬೇಕು. 'ನಾನು ಮಾಡುತ್ತೇನೆ', 'ಅವನು ಮಾಡುತ್ತಾನೆ' ಎರಡನ್ನೂ ಕನ್ನಡ ಲಿಪಿಯಲ್ಲಿ 'ಮಲ್ಪುವೆ' ಎಂದೇ ಬರೆಯುತ್ತೇವೆ, ವ್ಯತ್ಯಾಸ ಇರುವುದು ಕೊನೆಯ ಸ್ವರದಲ್ಲಿ. ಆ ಸ್ವರವನ್ನೇ ರಾಗದಲ್ಲಿ ಎಳೆದರೆ ಏನಾಗುತ್ತದೆ ಅಂತ ಹಾಡಿದಾಗ ಮಾತ್ರ ಗೊತ್ತಾಗುತ್ತದೆ, ಅಲ್ವಾ?

ಗುರುವನ್ನು ಹುಡುಕುವುದು

ಹಾಡು ಬರೆಯಲು ಕಲಿಸುವ ಬೋರ್ಡ್ ಹಾಕಿಕೊಂಡವರು ನಮ್ಮಲ್ಲಿ ಅಪರೂಪ. ಆದರೆ ಕಲಿಸಬಲ್ಲವರು ಬೇಕಾದಷ್ಟಿದ್ದಾರೆ, ಬೇರೆ ಬೇರೆ ಹೆಸರಲ್ಲಿ. ನೋಡಬೇಕಾದದ್ದು ಇಷ್ಟೇ: ಅವರಿಗೆ ತಾಳವೂ ಗೊತ್ತಿರಬೇಕು, ಮಾತೂ ಗೊತ್ತಿರಬೇಕು. ಸಂಗೀತ ಮಾತ್ರ ಬಲ್ಲವರು ನಿಮ್ಮ ಸವಕಲು ಸಾಲನ್ನು ಚಂದದ ರಾಗದಲ್ಲಿ ಮುಚ್ಚಿಬಿಡುತ್ತಾರೆ. ಸಾಹಿತ್ಯ ಮಾತ್ರ ಬಲ್ಲವರು ಹಾಡಲು ಬಾರದ ಸಾಲನ್ನು "ಭೇಷ್" ಅನ್ನುತ್ತಾರೆ.

ಎರಡೂ ಒಬ್ಬರಲ್ಲೇ ಸಿಗುವುದು ಹೆಚ್ಚಾಗಿ ಭಾಗವತರಲ್ಲಿ, ಅಂದರೆ ಯಕ್ಷಗಾನದ ಪದ್ಯ ಹಾಡುವವರಲ್ಲಿ. ವರ್ಷಗಟ್ಟಲೆ ಪ್ರಸಂಗಗಳ (ಯಕ್ಷಗಾನದ ಕಥೆಗಳ) ಪದ್ಯ ಹಾಡಿದವರಿಗೆ ಮಾತ್ರೆ (ಅಕ್ಷರ ಹೇಳಲು ಹಿಡಿಯುವ ಕಾಲದ ಅಳತೆ) ಎಣಿಸುವ ಅಗತ್ಯವೇ ಇರುವುದಿಲ್ಲ, ಒಂದಕ್ಷರ ಹೆಚ್ಚಾದರೆ ಕೈ ತಾನಾಗಿ ನಿಲ್ಲುತ್ತದೆ. ಉಡುಪಿಯ ಇಂದ್ರಾಳಿಯಲ್ಲಿ ಯಕ್ಷಗಾನ ಕೇಂದ್ರವಿದೆ. ಊರೂರಲ್ಲಿ ಹಿಮ್ಮೇಳದ (ಭಾಗವತಿಕೆ, ಚೆಂಡೆ, ಮದ್ದಳೆಯ) ತರಗತಿಗಳೂ ನಡೆಯುತ್ತವೆ. ಯಕ್ಷಗಾನದ ಶೈಲಿಗೆ ತಿಟ್ಟು ಅನ್ನುತ್ತಾರೆ: ಮಂಗಳೂರಿನ ಸುತ್ತ ತೆಂಕುತಿಟ್ಟು, ಉಡುಪಿಯಿಂದ ಉತ್ತರಕ್ಕೆ ಬಡಗುತಿಟ್ಟು. ಯಾವ ತಿಟ್ಟಿಗೆ ಬರೆಯುತ್ತೀರೋ ಆ ತಿಟ್ಟಿನವರನ್ನೇ ಹಿಡಿಯಿರಿ, ಒಂದೇ ಪದ್ಯ ಎರಡು ಕಡೆ ಹೋಗುವ ರೀತಿಯೇ ಬೇರೆ.

ಹೊತ್ತು ಗೊತ್ತು ನೋಡಿ ಹೋಗಿ. ಮೇಳದ (ಊರೂರು ತಿರುಗಿ ಯಕ್ಷಗಾನ ಆಡುವ ತಂಡದ) ಭಾಗವತರು ತಿರುಗಾಟದ ಸಮಯದಲ್ಲಿ ಸಿಗುವುದು ಕಷ್ಟ. ನವೆಂಬರ್‌ನಿಂದ ಮೇ ತನಕ ರಾತ್ರಿ ಆಟ, ಹಗಲು ನಿದ್ದೆ. ಕೆಲವೇ ಗಂಟೆಗಳಲ್ಲಿ ಮುಗಿಯುವ ಕಾಲಮಿತಿ ಆಟ ಬಂದ ಮೇಲೆ ಸ್ವಲ್ಪ ಸುಧಾರಿಸಿದೆ, ಆದರೂ ಹಗಲಿಗೆ ಫೋನ್ ಮಾಡಿ ಎಬ್ಬಿಸುವುದು ಒಳ್ಳೆಯದಲ್ಲ. ಮೇ ಕೊನೆಗೆ ತಿರುಗಾಟ ಮುಗಿಯುವ ದಿನವಾದ ಪತ್ತನಾಜೆ ಬಂದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಕೇಳಿ. ಮಳೆಗಾಲದಲ್ಲಿ ಪಾಠ ಸರಾಗವಾಗಿ ಸಾಗುತ್ತದೆ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ತಾಳಮದ್ದಳೆಗಳೂ (ವೇಷ, ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನ) ಇರುತ್ತವೆ, ಭಾಗವತರ ಹಿಂದೆ ಕೂತು ಕೇಳಿಸಿಕೊಳ್ಳಬಹುದು. ಅದೂ ಪಾಠವೇ.

ಭಾವಗೀತೆಗಾದರೆ ಸುಗಮ ಸಂಗೀತ ಕಲಿಸುವವರು, ಜೊತೆಗೆ ಕವಿತೆ ಬರೆಯುವ ಕನ್ನಡ ಮಾಸ್ಟ್ರು. ಒಬ್ಬರಲ್ಲಿ ಎರಡೂ ಇಲ್ಲದಿದ್ದರೆ ಇಬ್ಬರ ಹತ್ತಿರ ಹೋದರಾಯಿತು, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಕೊಂಕಣಿ ಹಾಡಿಗಾದರೆ ಮಂಗಳೂರಿನಲ್ಲಿ ಬರೆದು, ರಾಗ ಹಾಕಿ, ತಾವೇ ಹಾಡುವವರ ದೊಡ್ಡ ಪರಂಪರೆ ಇದೆ. ಕೊಂಕಣ್ ಕೋಗುಳ್ ಎಂದು ಹೆಸರಾದ ವಿಲ್ಫಿ ರೆಬಿಂಬಸ್ ಹಾಗೆ ಬರೆದು ಹಾಡಿದವರು. ಶಕ್ತಿನಗರದ ಕೊಂಕಣಿ ಸಾಂಸ್ಕೃತಿಕ ಕೇಂದ್ರ ಕಲಾಂಗಣದ ಕಡೆ ಹೋಗಿ ವಿಚಾರಿಸಿದರೆ ದಾರಿ ಸಿಗುತ್ತದೆ.

ಸಂಬಳದ ಮಾತು ಮೊದಲೇ ಆಡಿ. "ಎಂತದು ಬೇಡ, ಬನ್ನಿ" ಅನ್ನುವವರೇ ಜಾಸ್ತಿ. ಹಾಗೆ ಅಂದರು ಅಂತ ಬರಿಗೈಯಲ್ಲಿ ಹೋಗುತ್ತಾ ಇರಬೇಡಿ.

ಹೋಗುವ ಮೊದಲು: ಮಾತ್ರೆ

ಇಷ್ಟನ್ನು ಮನೆಯಲ್ಲೇ ಮಾಡಿಕೊಂಡು ಹೋದರೆ ಗುರುವಿನ ಹೊತ್ತು ಉಳಿಯುತ್ತದೆ. ಹ್ರಸ್ವಾಕ್ಷರ ಲಘು, ಒಂದು ಮಾತ್ರೆ. ದೀರ್ಘ ಇದ್ದರೆ, ಅನುಸ್ವಾರ ಇದ್ದರೆ, ಅಥವಾ ಮುಂದಿನ ಅಕ್ಷರಕ್ಕೆ ಒತ್ತು ಇದ್ದರೆ ಗುರು (ಕಲಿಸುವ ಗುರು ಅಲ್ಲ, ಅಕ್ಷರದ ಹೆಸರು), ಎರಡು ಮಾತ್ರೆ. 'ಮಳೆ' ಎರಡು ಮಾತ್ರೆ, 'ಮಲ್ಪೆ' ಮೂರು, 'ಮಂಗಳೂರು' ಆರು. ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿ ಅಂಕ ತೆಗೆದು ಮರೆತದ್ದೇ ಇದು.

ಈಗ ಮೂರು, ನಾಲ್ಕು, ಐದು ಮಾತ್ರೆಗಳ ಗುಂಪನ್ನು ಕೈತಾಳದಲ್ಲಿ ಹಿಡಿಯಿರಿ. ಮೂರಕ್ಕೆ ತಕಿಟ, ನಾಲ್ಕಕ್ಕೆ ತಕಧಿಮಿ, ಐದಕ್ಕೆ ತಕ-ತಕಿಟ. ಯಕ್ಷಗಾನದ ಏಕತಾಳ ನಾಲ್ಕು, ರೂಪಕ ಆರು, ತ್ರಿವುಡೆ ಏಳು, ಜಂಪೆ ಹತ್ತು. ತಾಳಗಳು ಇನ್ನೂ ಇವೆ, ಆರಂಭಕ್ಕೆ ಇಷ್ಟು ಸಾಕು.

ಅಭ್ಯಾಸಕ್ಕೆ ಆರು ಸಾಲಿನ ಶರ ಷಟ್ಪದಿಯಷ್ಟು ಸುಲಭದ್ದು ಬೇರೆ ಇಲ್ಲ. ಎಲ್ಲಾ ನಾಲ್ಕು ಮಾತ್ರೆಯ ಗಣಗಳ (ಗುಂಪುಗಳ) ಲೆಕ್ಕ. ಒಂದು, ಎರಡು, ನಾಲ್ಕು, ಐದನೇ ಸಾಲಿಗೆ ಎರಡೆರಡು ಗಣ, ಮೂರನೆಯ ಮತ್ತು ಆರನೆಯ ಸಾಲಿಗೆ ಮೂರು ಗಣ, ಮೇಲೊಂದು ಗುರು. ಅರ್ಧ ಪದ್ಯ ಹೀಗಿರಬಹುದು:

ಬೆಳಗಿನ ಬಸ್ಸಿಗೆ
ಓಡುವ ಹುಡುಗಿಯ
ಮುಡಿಯಲಿ ಮಲ್ಲಿಗೆ ನಗುತಿಹುದು

ತಕಧಿಮಿ ಹಾಕಿಕೊಂಡು ಹೇಳಿ ನೋಡಿ. ಕೊನೆಯ 'ದು' ಬರೆಯುವಾಗ ಹ್ರಸ್ವ, ಹೇಳುವಾಗ ಎಳೆದು ಎರಡು ಮಾತ್ರೆ ಮಾಡುತ್ತೇವೆ. ಇನ್ನು ಈ 'ನಗುತಿಹುದು' ಅಭ್ಯಾಸಕ್ಕೆ ಅಡ್ಡಿಯಿಲ್ಲ, ಇಂದಿನ ಹಾಡಿಗೆ ಹಾಕಬೇಡಿ. ಮಾತ್ರೆ ಕಡಿಮೆಯಾದಾಗಲೆಲ್ಲ 'ಇಹುದು', 'ತಾ', 'ನೋಡಾ' ಅಂತ ತುಂಬಿಸುವುದು ಹೊಸಬರಿಗೆ ಅಂಟುವ ಚಟ. ಗುರುಗಳು ಮೊದಲು ಹೊಡೆದುಹಾಕುವುದೇ ಅದನ್ನು.

ಪಾಠದಲ್ಲಿ: ಎರಡೇ ಸಾಲು ತೆಗೆದುಕೊಂಡು ಹೋಗಿ

ಇಡೀ ಹಾಡು ಬರೆದುಕೊಂಡು ಹೋಗಬೇಡಿ. ಐದು ಚರಣ ತೋರಿಸಿದರೆ ಗುರುಗಳು ಮೇಲಿಂದ ಓದಿ "ಒಳ್ಳೇದುಂಟು" ಅಂದುಬಿಡುತ್ತಾರೆ. ಎರಡು ಸಾಲು ಕೊಟ್ಟರೆ ಪ್ರತಿ ಅಕ್ಷರ ನೋಡುತ್ತಾರೆ. ಎರಡು ಸಾಲಿನಲ್ಲಿ ಎಷ್ಟು ಕೆಲಸ ಇದೆ ಅಂತ ಒಂದು ಉದಾಹರಣೆಯಲ್ಲಿ ನೋಡೋಣ. ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರ ತನಕ ನಿಷೇಧ ಇರುತ್ತದಲ್ಲ, ಆ ಹೊತ್ತಿನ ಮಲ್ಪೆ ಬಂದರಿನ ಬಗ್ಗೆ ಒಬ್ಬ ಹುಡುಗ ಬರೆದುಕೊಂಡು ಬಂದ ಅಂತ ಇಟ್ಟುಕೊಳ್ಳಿ:

ಮಳೆಗಾಲದಲಿ ದೋಣಿಗಳು ದಡದಲ್ಲಿ ನಿಂತಿವೆ
ಮೀನುಗಾರರ ಬಲೆಗೆ ಮೀನುಗಳು ಸಿಗುವುದಿಲ್ಲ

ನೋಡಿದರೆ ಬರೀ ಗದ್ಯ. ಎಣಿಸಿದರೆ ಎರಡೂ ಸಾಲು 21 ಮಾತ್ರೆ! ಗುರುಗಳು ಈಗ ಏಳರ ತಾಳ ಹಾಕುತ್ತಾರೆ, ತಕಿಟ ತಕಧಿಮಿ. ಎರಡನೇ ಸಾಲು ಅಡೆತಡೆ ಇಲ್ಲದೆ ಹೋಗುತ್ತದೆ: ಮೀನು, ಗಾರರ, ಬಲೆಗೆ, ಮೀನುಗ, ಳುಸಿಗು, ವುದಿಲ್ಲ. ಮೂರು, ನಾಲ್ಕು, ಮೂರು, ನಾಲ್ಕು, ಮೂರು, ನಾಲ್ಕು. ಮೊದಲ ಸಾಲು ಮಾತ್ರ ಆರಂಭದಲ್ಲೇ ಎಡವುತ್ತದೆ. 'ಮಳೆ' ಎರಡು ಮಾತ್ರೆ, ಮುಂದಿನ 'ಗಾ' ಮತ್ತೆರಡು. ಮೂರಕ್ಕೆ ಬೀಳಬೇಕಾದ ಪೆಟ್ಟು 'ಗಾ' ಅಕ್ಷರದ ಹೊಟ್ಟೆಗೆ ಬೀಳುತ್ತದೆ. "ಸ್ವಲ್ಪ ತಿರುಗಿಸಿ ನೋಡ್ವ" ಅನ್ನುತ್ತಾರೆ. 'ಮಳೆಗಾಲದಲಿ' ತೆಗೆದು 'ಮಳೆಯ ಕಾಲದಿ' ಮಾಡಿದರೆ ಮೂರು-ನಾಲ್ಕು ಸರಿಹೋಯಿತು. ಮುಂದಿನದ್ದು ತಾನಾಗಿ ಕೂತಿದೆ: ದೋಣಿ, ಗಳುದಡ, ದಲ್ಲಿ, ನಿಂತಿವೆ.

ಇಲ್ಲಿಗೆ ಒಂದು ವಿಷಯ ಗೊತ್ತಾಯಿತು. ಮೊತ್ತ ಸರಿ ಇದ್ದರೆ ಸಾಲದು, ಗುಂಪು ಸರಿ ಬೀಳಬೇಕು. ಹೊಸಬರು ಹೆಚ್ಚಾಗಿ ಮೊತ್ತ ಎಣಿಸಿ ಸುಮ್ಮನಾಗುತ್ತಾರೆ.

ಇನ್ನೂ ಒಂದಿದೆ. ಎರಡನೇ ಸಾಲಿನ ಕೊನೆಯ 'ವುದಿಲ್ಲ' ನಾಲ್ಕು ಮಾತ್ರೆಯೇ, ಆದರೆ ಲಘು-ಗುರು-ಲಘು. ತಕಧಿಮಿಯ ನಡುವಿನ ಪೆಟ್ಟು 'ದಿಲ್' ನಡುವೆ ಬೀಳುತ್ತದೆ. ಹಳೆಯ ಛಂದಸ್ಸಿನವರು ಇದನ್ನು ಜಗಣ ಎಂದು ಕರೆದು ದೂರ ಇಟ್ಟದ್ದು ಸುಮ್ನೆ ಅಲ್ಲ. ಕಾಗದದಲ್ಲಿ ಕಾಣುವುದಿಲ್ಲ, ಬಾಯಲ್ಲಿ ತಡೆಯುತ್ತದೆ.

ಸರಿ, ತಾಳ ಕೂತಿತು ಅಂತ ಇಟ್ಟುಕೊಳ್ಳೋಣ. ಒಳ್ಳೆಯ ಗುರು ಅಲ್ಲಿಗೆ ಬಿಡುವುದಿಲ್ಲ. "ಇದು ಪೇಪರ್‌ನಲ್ಲೇ ಬಂದಿದೆಯಲ್ಲ, ನೀವು ಎಂತ ಹೇಳಿದ ಹಾಗಾಯ್ತು?" ಅನ್ನುತ್ತಾರೆ. ಮಳೆಗಾಲದಲ್ಲಿ ದೋಣಿ ದಡದಲ್ಲಿ ಇರುತ್ತದೆ, ಮೀನು ಸಿಗುವುದಿಲ್ಲ. ಉಡುಪಿಯ ಮಗುವಿಗೂ ಗೊತ್ತು. ಆ ಹುಡುಗನ ಹತ್ತಿರ ಕೇಳಬೇಕಾದ ಪ್ರಶ್ನೆ: "ಬಂದರಿಗೆ ಹೋದಾಗ ನಿಮ್ಮ ಕಣ್ಣಿಗೆ ಬಿದ್ದದ್ದು ಎಂತ?" ಅವನು ಹೇಳುತ್ತಾನೆ, ಸಾಲಾಗಿ ದೋಣಿ ಮಲಗಿತ್ತು, ಒಣಗಲು ಹಾಕಿದ ಬಲೆ ನೆನೆದು ನೀರು ತೊಟ್ಟಿಕ್ಕುತ್ತಿತ್ತು. "ಅದನ್ನೇ ಬರೆಯಿರಿ." 21 ಮಾತ್ರೆಯೂ ಬೇಡ, 14 ಸಾಕು:

ಸಾಲು ದೋಣಿಗೆ ದಡವೆ ಹಾಸಿಗೆ
ಬಲೆಗೆ ಬಿದ್ದುದು ಮಳೆಯ ನೀರೇ

ಮೂರು-ನಾಲ್ಕು-ಮೂರು-ನಾಲ್ಕು, ಎರಡೂ ಸಾಲು. ಮೀನಿಲ್ಲ ಅಂತ ಎಲ್ಲೂ ಹೇಳಿಲ್ಲ, ಆದರೂ ಗೊತ್ತಾಗುತ್ತದೆ. ಇದು ಭಾಮಿನಿ ಷಟ್ಪದಿಯ ಸಣ್ಣ ಸಾಲಿನ ಲೆಕ್ಕವೂ ಹೌದು. ಭಾಮಿನಿ ಬರೆಯಬೇಕು ಅಂತಿದ್ದರೆ ಮೂರನೆಯ ಸಾಲಿಗೆ ಇನ್ನೊಂದು ಮೂರು-ನಾಲ್ಕು, ಮೇಲೊಂದು ಗುರು, 23 ಮಾತ್ರೆ. ಹೀಗೆ ಆರು ಸಾಲಿಗೆ 102. ಕೊನೆಯ 'ನೀರೇ' ಎರಡೂ ದೀರ್ಘ, ಗಾಯಕರು ಎಳೆದು ನಿಲ್ಲಿಸಲು ಅನುಕೂಲ. ಎಳೆಯುವ ಜಾಗದಲ್ಲಿ ಆ, ಏ, ಓ ಇದ್ದರೆ ಬಾಯಿ ತೆರೆಯುತ್ತದೆ. ಅಲ್ಲಿ ಒತ್ತಕ್ಷರದ ರಾಶಿ ಹಾಕಿದರೆ ಹಾಡುವವರ ಶಾಪ ತಟ್ಟುತ್ತದೆ.

ಈ ಕೆಲಸಕ್ಕೆ ಒಂದು ಗಂಟೆ ಹಿಡಿಯಬಹುದು. ಎರಡು ಸಾಲಿಗೆ ಒಂದು ಗಂಟೆಯೇ ಅಂತ ಕೇಳುವವರಿಗೆ ಗುರು ಬೇಡ, ಅವರು ಹಾಗೆಯೇ ಬರೆದುಕೊಳ್ಳಲಿ.

ಪ್ರಾಸದ ಜಗಳ

ಮೇಲಿನ ಎರಡು ಸಾಲಿನಲ್ಲಿ 'ಸಾಲು', 'ಬಲೆ' ಎಂದು ಎರಡನೆಯ ಅಕ್ಷರ 'ಲ' ಕೂಡಿದೆ. ಆದಿಪ್ರಾಸ ಸಿಕ್ಕಿತು ಅಂತ ಹುಡುಗ ಖುಷಿಪಟ್ಟರೆ, ಹಳೆಯ ಲೆಕ್ಕದ ಗುರುಗಳು ಒಪ್ಪುವುದಿಲ್ಲ. 'ಸಾ' ದೀರ್ಘ, 'ಬ' ಹ್ರಸ್ವ. ಪ್ರಾಸಾಕ್ಷರದ ಹಿಂದಿನ ಅಕ್ಷರ ಎರಡು ಕಡೆಯೂ ಒಂದೇ ಬಗೆಯದ್ದಾಗಿರಬೇಕು. ಪ್ರಸಂಗದ ಪದ್ಯ ಬರೆಯುವವರು ಈ ನಿಯಮವನ್ನು ಕಲಿಯಲೇಬೇಕು, ಅಲ್ಲಿ ಕೇಳುವವರೂ ಪಳಗಿದವರು.

ಭಾವಗೀತೆಗೆ ಅಷ್ಟು ಬಿಗಿ ಬೇಡ. ನಮ್ಮದೇ ಕರಾವಳಿಯ ಮಂಜೇಶ್ವರ ಗೋವಿಂದ ಪೈಗಳು ಇಪ್ಪತ್ತನೇ ಶತಮಾನದ ಆರಂಭದಲ್ಲೇ ಆದಿಪ್ರಾಸ ಬಿಟ್ಟು ಬರೆದು ತೋರಿಸಿದವರು. ಅವರು ಬಿಟ್ಟದ್ದು ಪ್ರಾಸ ಬಾರದೆ ಅಲ್ಲ. ನನ್ನ ಅಭಿಪ್ರಾಯದಲ್ಲಿ ಆರು ತಿಂಗಳಾದರೂ ಪ್ರಾಸ ಇಟ್ಟು ಬರೆದು, ಆಮೇಲೆ ಬೇಕಿದ್ದರೆ ಬಿಡುವುದು ಒಳ್ಳೆಯದು. ಪ್ರಾಸಕ್ಕಾಗಿ ಹುಡುಕುವಾಗ ನೀವು ಯೋಚಿಸದ ಮಾತುಗಳು ಸಿಗುತ್ತವೆ. ಆದರೆ ಪ್ರಾಸಕ್ಕಾಗಿ ಅರ್ಥ ಕೆಡಿಸಿದ ಕಡೆ ಗುರು ಕೆಂಪು ಗೆರೆ ಹಾಕಿದರೆ ವಾದ ಮಾಡಬೇಡಿ.

ಮಟ್ಟಿಗೆ ಬರೆಯುವುದು

ಇಲ್ಲಿಯ ತನಕ ಮಾತು ಮೊದಲು, ರಾಗ ಆಮೇಲೆ. ಈಗ ತಿರುಗಿಸಿ ಮಾಡಿ. ಗುರುಗಳ ಹತ್ತಿರ ಒಂದು ಮಟ್ಟನ್ನು (ಹಾಡಿನ ಧಾಟಿಯನ್ನು) ಮಾತಿಲ್ಲದೆ ತಾನನ ಎಂದು ಹಾಡಲು ಹೇಳಿ, ಒಪ್ಪಿದರೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಮನೆಯಲ್ಲಿ ಅದಕ್ಕೆ ಮಾತು ಹೊಂದಿಸಿ. ಅಡುಗೆ ಮಾಡುವಾಗ, ಬಸ್ಸಿನಲ್ಲಿ ನಿಂತಾಗ ಗುನುಗುತ್ತಾ ಇರಿ. ಮೊದಲು ಅರ್ಥವಿಲ್ಲದ ಮಾತೇ ಬರಲಿ. ಎಲ್ಲಿ ದೀರ್ಘ ಬೇಕು, ಎಲ್ಲಿ ಉಸಿರು ಬೇಕು ಅಂತ ಬಾಯಿಗೆ ಗೊತ್ತಾದ ಮೇಲೆ ಅರ್ಥದ ಮಾತು ಹಾಕಿ. ಹಳೆಯ ಪ್ರಸಂಗ ಪುಸ್ತಕಗಳಲ್ಲಿ ಪ್ರತಿ ಪದ್ಯದ ಮೇಲೆ ರಾಗ, ತಾಳ ಅಚ್ಚಾಗಿರುತ್ತದೆ. ಅದನ್ನು ನೋಡಿ ಗುರುಗಳ ಹತ್ತಿರ ಹಾಡಿಸಿಕೊಂಡರೆ ಮಟ್ಟುಗಳಿಗೆ ಬರ ಇಲ್ಲ.

ಭಜನೆ ಬರೆಯುವವರಿಗೆ ಒಂದು ಕಿವಿಮಾತು. ದಾಸರ ಪದದ ಹಾಗೆ ಕೊನೆಗೆ ಅಂಕಿತ (ಬರೆದವರ ಗುರುತಾಗಿ ಬರುವ ದೇವರ ಹೆಸರು) ಬೇಕು ಅಂತ ಅನ್ನಿಸಿದರೆ ಸಿಕ್ಕಿದ ಅಂಕಿತ ಹಾಕಬೇಡಿ. ಹಯವದನ ಎಂದರೆ ಅದು ವಾದಿರಾಜರದ್ದು. ನಿಮ್ಮೂರ ದೇವರ ಹೆಸರು ಸಾಕು.

ತಿದ್ದುಪಡಿ ತೆಗೆದುಕೊಳ್ಳುವ ಬಗೆ

ಗುರುಗಳೇ ಹೊಸ ಸಾಲು ಹೇಳಿಕೊಟ್ಟರೆ ಬರೆದುಕೊಳ್ಳಿ, ಆದರೆ ಅದನ್ನೇ ಇಟ್ಟುಕೊಳ್ಳಬೇಡಿ. "ಈ ಸಾಲು ಯಾಕೆ ಕೂರ್ತದೆ, ನನ್ನದು ಯಾಕೆ ಕೂರುದಿಲ್ಲ?" ಅಂತ ಕೇಳಿ. ಕಾರಣ ತಿಳಿದ ಮೇಲೆ ಮನೆಗೆ ಬಂದು ಮೂರನೆಯದೊಂದು ಬರೆಯಿರಿ. ಹಳೆಯ ಪ್ರತಿ ಹರಿದು ಬಿಸಾಡಬೇಡಿ, ಒಂದೇ ಪುಸ್ತಕದಲ್ಲಿ ಎಡಪುಟಕ್ಕೆ ಮೊದಲಿನದು, ಬಲಪುಟಕ್ಕೆ ತಿದ್ದಿದ್ದು.

ಪ್ರತಿ ಸಲವೂ ಹೊಗಳುವ ಗುರುವಿನಿಂದ ಪ್ರಯೋಜನ ಇಲ್ಲ. ಪ್ರತಿ ಸಲವೂ ತನ್ನದೇ ಶೈಲಿಗೆ ಎಳೆಯುವವರಿಂದಲೂ ಇಲ್ಲ. ನಾಲ್ಕೈದು ಹಾಡು ಆದ ಮೇಲೆ ನಿಮ್ಮ ಪದ್ಯ ಓದಿದವರು "ಇದು ಮಾಸ್ಟ್ರದ್ದಲ್ವಾ?" ಅಂತ ಕೇಳಿದರೆ ಸ್ವಲ್ಪ ದಿನ ಒಬ್ಬರೇ ಬರೆಯಿರಿ.

ಹಾಡಿಸಿ ನೋಡುವುದು, ಹೆಸರಿನ ಲೆಕ್ಕ

ಹಾಡು ಮುಗಿದ ಮೇಲೆ ನಿಮಗೆ ಪರಿಚಯ ಇಲ್ಲದ ಗಾಯಕರ ಕೈಗೆ ಕೊಡಿ. ಹೇಗೆ ಹಾಡಬೇಕು ಅಂತ ವಿವರಿಸಬೇಡಿ. ಅವರು ತಡವರಿಸಿದ ಜಾಗಕ್ಕೆ ಗುರುತು ಹಾಕಿ, ಅಷ್ಟನ್ನೇ ಗುರುಗಳ ಹತ್ತಿರ ತೆಗೆದುಕೊಂಡು ಹೋಗಿ. ಭಜನೆಯಾದರೆ ಮಂಡಳಿಯ ಶನಿವಾರದ ಭಜನೆಯಲ್ಲಿ ಹಾಡಿಸಿ, ಹಿಂದೆ ಕೂತ ಮಕ್ಕಳು ಎಷ್ಟನೇ ಸಲಕ್ಕೆ ದನಿಗೂಡಿಸುತ್ತಾರೆ ನೋಡಿ.

ಹಾಡು ಆಲ್ಬಮ್‌ಗೋ ಸಿನಿಮಾಕ್ಕೋ ಹೋಗುವುದಾದರೆ ಹೆಸರಿನ ಮಾತು ಮೊದಲೇ ಆಗಬೇಕು. ಗುರುಗಳು ಅಲ್ಲಲ್ಲಿ ತಿದ್ದಿದ್ದಕ್ಕೆ ಕೃತಜ್ಞತೆ ಹೇಳಿದರೆ ಸಾಕು. ಅರ್ಧದಷ್ಟು ಸಾಲು ಅವರದ್ದೇ ಆದರೆ ಇಬ್ಬರ ಹೆಸರೂ ಇರಲಿ. ಈ ಮಾತನ್ನು ಗುರುಗಳ ಹತ್ತಿರ ಆಡಲು ಸಂಕೋಚವಾಗುತ್ತದೆ, ಆದರೂ ಆಡಿಬಿಡಿ. 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ಹಾಡಿನ ಸಾಹಿತ್ಯ ಒಂದು ಕೃತಿ, ಸಂಗೀತ ಬೇರೆ ಕೃತಿ. ಸಾಹಿತ್ಯದ ಹಕ್ಕು ಬರೆದವರು ಬದುಕಿರುವ ತನಕ, ಅದರ ಮೇಲೆ ಇನ್ನೂ 60 ವರ್ಷ ಇರುತ್ತದೆ. ನೋಂದಣಿ ಮಾಡಿಸಲೇಬೇಕು ಅಂತಿಲ್ಲ. 2012ರ ತಿದ್ದುಪಡಿಯ ನಂತರ ಸಿನಿಮಾ ಹಾಡು ಚಿತ್ರಮಂದಿರದ ಹೊರಗೆ ಬಳಕೆಯಾದಾಗ ಬರುವ ರಾಯಧನದ ಪಾಲನ್ನು ಸಾಹಿತ್ಯ ಬರೆದವರಿಂದ ನಿರ್ಮಾಪಕರು ಬಿಡಿಸಿಕೊಳ್ಳುವ ಹಾಗಿಲ್ಲ. "ಎಲ್ಲಾ ಹಕ್ಕು ನಮಗೆ" ಎಂಬ ಕಾಗದ ಮುಂದಿಟ್ಟರೆ ಅಲ್ಲೇ ಸಹಿ ಹಾಕದೆ ಮನೆಗೆ ತಂದು, ಗೊತ್ತಿರುವ ವಕೀಲರಿಗೆ ತೋರಿಸಿ. ಇನ್ನೊಬ್ಬರ ಸಿನಿಮಾ ಮಟ್ಟಿಗೆ ಬರೆದದ್ದನ್ನು ಅಭ್ಯಾಸದ ಪುಸ್ತಕದಲ್ಲೇ ಇಟ್ಟುಕೊಳ್ಳಿ. ಅದನ್ನು ರೆಕಾರ್ಡ್ ಮಾಡಿ ಹೊರಗೆ ಬಿಡಬೇಕಾದರೆ ಆ ಸಂಗೀತದ ಹಕ್ಕುದಾರರ ಅನುಮತಿ ಬೇಕು.